ಬಿಯರಿನ ಗ್ರ್ಯಾವಿಟಿ ಗೊತ್ತು, ಹೆಂಡ್ತಿ ಎಚ್‌ಬಿ ಗೊತ್ತಿಲ್ಲ

1/8
ಕ್ಲಾಸ್ ಗ್ರೂಪಲ್ಲಿ ಹೋದ ವಾರ ನಡೆದ ಚರ್ಚೆಗೆ ಇದು ನನ್ನ ಉತ್ತರ. ಅಲ್ಲೇ ಬರೆದಿದ್ರೆ ಸ್ಟಿಕ್ಕರ್ ಮಳೇಲಿ ಕೊಚ್ಚಿಹೋಗ್ತಿತ್ತು. ಉದ್ದ ಇದೆ, ಎಂಟು ಪೋಸ್ಟ್. ಪೂರ್ತಿ ಓದಿ, ಆಮೇಲೆ ಬೈಯಿರಿ.

ವಿಷಯ ಇಷ್ಟೇ. ನನ್ನ ಹೆಂಡ್ತಿಗೆ ಏಳು ತಿಂಗಳು ತುಂಬ್ತು. ಕುಬುಸ ಆಯ್ತು, ಮಡಿಲು ತುಂಬಿ ಸೊರಬಕ್ಕೆ ತವರಿಗೆ ಕರ್ಕೊಂಡು ಹೋದ್ರು. ಶಿಕಾರಿಪುರದ ಮನೇಲಿ ನಾನೊಬ್ಬನೇ. ಕುಬುಸದ ಫೋಟೋ ಹಾಕಿ ಹತ್ತು ನಿಮಿಷ ಆಗಿಲ್ಲ, ಮೊದಲ ಮೆಸೇಜ್ ಬಂತು: "ಮಗಾ, ಮನೆ ಖಾಲಿ! ಬಿಯರ್ ಮಾಡೋಕೆ ಇದೇ ಟೈಮು. ಪಾಪು ಬಂದ್ಮೇಲೆ ನಿನ್ ಕಥೆ ಮುಗೀತು."

ಅದಕ್ಕೆ ನಲವತ್ತು ಬೆಂಕಿ ಎಮೋಜಿ. ಒಬ್ಬನಾದ್ರೂ "ಅವಳು ಹೇಗಿದ್ದಾಳೆ" ಅಂತ ಕೇಳ್ಲಿಲ್ಲ.

2/8
ಸುಳ್ಳು ಯಾಕೆ ಹೇಳ್ಲಿ, ಆಸೆ ನನಗೂ ಇತ್ತು. ಆರು ತಿಂಗಳಿಂದ ರಾತ್ರಿ ಕೂತು ಇದರ ವಿಡಿಯೋನೇ ನೋಡಿದ್ದೆ. ಇಪ್ಪತ್ತು ಲೀಟರಿಗೆ ನಾಲ್ಕೈದು ಕೆಜಿ ಬಾರ್ಲಿ ಮಾಲ್ಟ್. 65–68 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ನೆನೆಸ್ಬೇಕು. ಸೋಸಿ, ಹಾಪ್ಸ್ ಹಾಕಿ ಇನ್ನೊಂದು ಗಂಟೆ ಕುದಿಸ್ಬೇಕು. ತಣ್ಣಗೆ ಮಾಡಿ ಯೀಸ್ಟ್ ಹಾಕಿ, 18–22 ಡಿಗ್ರಿಯಲ್ಲಿ ಎರಡು ವಾರ. ಬಾಟಲಿಗೆ ತುಂಬಿ ಮತ್ತೆರಡು ವಾರ. ಹೈಡ್ರೋಮೀಟರ್ ಶುರುವಿನಲ್ಲಿ 1.050 ತೋರಿಸಿ ಕೊನೆಗೆ 1.010ಕ್ಕೆ ಇಳಿದ್ರೆ ಸುಮಾರು 5 ಪರ್ಸೆಂಟ್ ಆಲ್ಕೋಹಾಲ್.

ಇದೆಲ್ಲ ನನಗೆ ಬಾಯಿಪಾಠ. ದೋಸೆ ಹಿಟ್ಟು ಉಬ್ಬೋದು ನೋಡಿ ಬೆಳೆದವರು ನಾವು, ಹುದುಗು ಅಂದ್ರೆ ನಮಗೆ ಹೊಸದಲ್ಲ. ಗ್ರೂಪಲ್ಲಿ ಒಬ್ಬ ಲೆಕ್ಕಾನೂ ಹಾಕಿಕೊಟ್ಟಿದ್ದ: "ಮೊದಲ ಬ್ಯಾಚ್ ಕೆಟ್ರೂ ಚಿಂತೆ ಇಲ್ಲ, ಎರಡನೇದು ಡೆಲಿವರಿ ಡೇಟಿಗೆ ಕರೆಕ್ಟಾಗಿ ರೆಡಿ."

3/8
ಆಮೇಲೆ ತಿಂಗಳ 9ನೇ ತಾರೀಕು ಬಂತು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ 2016ರಿಂದ ಇದೆ, ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೇಲಿ ಗರ್ಭಿಣಿಯರಿಗೆ ಫ್ರೀ ತಪಾಸಣೆ. ಶಿರಾಳಕೊಪ್ಪದ ಮೇಲೆ ಬಸ್ ಹಿಡಿದು ಸೊರಬಕ್ಕೆ ಹೋದೆ. ಅವಳು ಒಳಗಿದ್ಲು. ಸಿಸ್ಟರ್ ಹೊರಗೆ ಬಂದು ನನ್ನನ್ನೇ ಕೇಳಿದ್ರು: "ಹೋದ ಸಲ ಎಚ್‌ಬಿ ಎಷ್ಟಿತ್ತು?"

ತಾಯಿ ಕಾರ್ಡ್ ನನ್ನ ಕೈಲೇ ಇತ್ತು. ಯಾವ ಪುಟ ತೆಗೀಬೇಕು ಅಂತಾನೇ ಗೊತ್ತಾಗ್ಲಿಲ್ಲ. ಪಕ್ಕದಲ್ಲಿದ್ದ ಅತ್ತೆ ನೋಡದೇನೇ ಹೇಳಿದ್ರು: "9.2."

ಗರ್ಭಿಣಿಗೆ ಹೀಮೊಗ್ಲೋಬಿನ್ 11ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ. ದಿನಕ್ಕೊಂದರಂತೆ 180 ದಿನ ಕಬ್ಬಿಣದ ಮಾತ್ರೆ ಕೊಡೋದು ಅದಕ್ಕೇ. ಇವಳು ವಾಂತಿ ತಡೀಲಾರದೆ ನಡುವೆ ಮಾತ್ರೆ ನಿಲ್ಲಿಸಿದ್ಲು. ನಮ್ಮ ಮನೇಲಿ ಇದ್ದಾಗಲೇ ನಿಲ್ಲಿಸಿದ್ದು. ನಾನು ಅದೇ ಮಂಚದ ಮೇಲೆ ಕೂತು ಯೀಸ್ಟಿಗೆ ಯಾವ ಟೆಂಪರೇಚರ್ ಹಿತ ಅಂತ ಓದ್ತಿದ್ದೆ.

4/8
ಇಲ್ಲಿಂದ ಜಗಳ ಶುರು.

ತವರಿಗೆ ಕಳಿಸೋ ಪದ್ಧತಿ ತಪ್ಪು ಅಂತ ನಾನು ಹೇಳ್ತಿಲ್ಲ. ಮೊದಲ ಹೆರಿಗೆಗೆ ಅಮ್ಮನ ಕೈ ಬೇಕು, ಬಾಣಂತನ ಬೇಕು. ಆದ್ರೆ ಆ ಪದ್ಧತಿ ಇರೋದು ಅವಳ ವಿಶ್ರಾಂತಿಗೆ. ನಾವು ಗಂಡಸರು ಅದನ್ನ ನಮ್ಮ ರಜೆ ಮಾಡ್ಕೊಂಡಿದ್ದೀವಿ. ಅವಳನ್ನ ಬಸ್ ಹತ್ತಿಸಿ ಬಂದ ದಿನವೇ ನಾವು ಮತ್ತೆ ಬ್ಯಾಚುಲರ್. "ಫ್ರೀಡಂ ಎಂಜಾಯ್ ಮಾಡು ಮಾರಾಯ" ಅನ್ನೋ ಮಾತು ಕೇಳದ ಗಂಡ ಈ ಎರಡು ತಾಲೂಕಲ್ಲಿ ಇದ್ದಾನಾ?

ಒಂದೇ ಮಗು. ಅದಕ್ಕೆ ಕಾಯೋ ಒಬ್ಬಳಿಗೆ ನಿದ್ದೆ ಇಲ್ಲ, ಇನ್ನೊಬ್ಬನಿಗೆ ಹೊಸ ಹವ್ಯಾಸ. ಬಿಯರಿನ ಜಾಗದಲ್ಲಿ ಕ್ರಿಕೆಟ್ ಟೂರ್ನಮೆಂಟ್ ಇಡಿ, ಗೋಕರ್ಣ ಟ್ರಿಪ್ ಇಡಿ, ನನ್ನ ತಕರಾರು ಅದೇ.

5/8
ಗ್ರೂಪಲ್ಲಿ ಬಂದ ವಾದಗಳಿಗೆ ಉತ್ತರ.

"ಅವಳೇನು ಕುಡೀತಾಳಾ? ಮಗೂಗೆ ಏನಾಗುತ್ತೆ?" ಅವಳು ಕುಡಿಯಲ್ಲ. ಗರ್ಭಿಣಿಗೆ ಇಷ್ಟು ಕುಡಿದ್ರೆ ಪರವಾಗಿಲ್ಲ ಅನ್ನೋ ಸೇಫ್ ಅಳತೆಯೇ ಇಲ್ಲ. ಸೊರಬದಲ್ಲಿರೋ ಮಗೂಗೆ ಶಿಕಾರಿಪುರದ ಡಬ್ಬದಿಂದ ಏನೂ ಆಗಲ್ಲ, ಒಪ್ಪಿದೆ. ನಾನು ಕೇಳ್ತಿರೋದು ಆ ಡಬ್ಬದ ಮುಂದೆ ಕೂತಿರೋ ಅಪ್ಪನ ಬಗ್ಗೆ.

"ಅಮೆರಿಕದಲ್ಲಿ ಲೀಗಲ್." ಹೌದು. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಅದು. ಇಲ್ಲಿರೋದು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಅಡುಗೆಮನೆ ಆದ್ರೂ ಸರಿ. ಸರ್ಕಾರ ತಾನೇ ನಿಗಮ ಇಟ್ಟು ಸಗಟು ವ್ಯಾಪಾರ ಮಾಡ್ತಾ ನಮಗೆ ಬೇಡ ಅನ್ನೋದು ಬೂಟಾಟಿಕೆ ಅಂತೀರಾ? ಇರಬಹುದು. ಆ ಹೋರಾಟ ಮಾಡಿ, ನಾನೂ ಬರ್ತೀನಿ. ಆದ್ರೆ ಹೆಂಡ್ತಿಗೆ ಎಂಟನೇ ತಿಂಗಳು ನಡೆಯೋವಾಗ ಕೇಸ್ ಹಾಕಿಸ್ಕೊಂಡು ಹುತಾತ್ಮ ಆಗೋಕೆ ಹೋಗ್ಬೇಡಿ. ಸ್ಟೇಷನ್ ಮುಂದೆ ಕಾಯೋದು ನೀವಲ್ಲ, ಅವಳಪ್ಪ.

6/8
"ನಮ್ ಹಿರಿಯರೂ ಮಾಡ್ತಿದ್ರು." ನಿಜ. ಬಗನಿ ಮರದಿಂದ ಹೆಂಡ ಇಳಿಸೋದು ಮಲೆನಾಡಲ್ಲಿ ಒಂದು ಕಸುಬಾಗಿತ್ತು. ಹನ್ನೆರಡನೇ ಶತಮಾನದಲ್ಲಿ ಹೆಂಡದ ಮಾರಯ್ಯನೂ ವಚನ ಬರೆದ. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಇರೋ ತಾಲೂಕಿನವನು ನಾನು, ಕಸುಬಿನ ಮೇಲೆ ಒಬ್ಬರನ್ನ ಕೀಳಾಗಿ ನೋಡೋ ಬುದ್ಧಿ ನನಗೆ ಬೇಡ.

ಆದ್ರೆ ಇನ್ನೊಂದು ನೆನಪೂ ಇದೆಯಲ್ಲ? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಬಜೆಟ್ಟಲ್ಲಿ ಅದನ್ನ ಘೋಷಿಸಿದ ಹಣಕಾಸು ಸಚಿವರು ಆಗಿನ ನಮ್ಮ ಶಿಕಾರಿಪುರದ ಶಾಸಕರೇ, ಯಡಿಯೂರಪ್ಪ. ಸಾರಾಯಿ ಹೋಗಿ ನೈಂಟಿ ಬಂತು, ಅದು ಬೇರೆ ಕಥೆ. ಆದ್ರೆ ಸಾರಾಯಿ ಬೇಡ ಅಂತ ಬೀದಿಗೆ ಬಂದವರು ಹೆಂಗಸರು. ಅವರ ಸಿಟ್ಟು ಬರೀ ಕುಡಿತದ ಮೇಲೆ ಇರ್ಲಿಲ್ಲ. ಮನೇಲಿ ಬೇಕಾದಾಗ ಇರದ ಗಂಡಸಿನ ಮೇಲಿತ್ತು. ಬಾಟಲ್ ಮೇಲೆ ಚಂದದ ಲೇಬಲ್ ಅಂಟಿಸಿದ್ರೆ ಆ ಗೈರುಹಾಜರಿ ಕ್ರಾಫ್ಟ್ ಆಗಿಬಿಡುತ್ತಾ?

7/8
ಕೊನೇ ವಾದ: "ಅಲ್ಲಿ ನಿನಗೇನು ಕೆಲಸ? ಅತ್ತೆ ನೋಡ್ಕೋತಾರೆ."

37 ವಾರ ದಾಟಿದ್ಮೇಲೆ ಫೋನ್ ಯಾವ ರಾತ್ರಿ ಬೇಕಾದ್ರೂ ಬರಬಹುದು. ಡೇಟ್ ಅನ್ನೋದು ಅಂದಾಜು ಅಷ್ಟೇ, ಮಗು ಕ್ಯಾಲೆಂಡರ್ ನೋಡ್ಕೊಂಡು ಬರಲ್ಲ. ಈಗ ಗ್ರೂಪಿನ ಆ ಲೆಕ್ಕ ಇನ್ನೊಂದ್ಸಲ ಓದಿ. ಡೆಲಿವರಿ ಡೇಟಿಗೆ ಸರಿಯಾಗಿ ಬಾಟಲ್ ರೆಡಿ. ಅಂದ್ರೆ ಯಾವ ವಾರ ನಾನು ಹೊಟ್ಟೇಲಿ ಒಂದು ಹನಿ ಇಲ್ಲದೆ ಬೈಕ್ ಕೀ ತಲೆದಿಂಬಿನ ಹತ್ರ ಇಟ್ಕೊಂಡು ಮಲಗ್ಬೇಕೋ, ಅದೇ ವಾರ ನೀವೆಲ್ಲ ನಮ್ಮನೇಲಿ ಟೇಸ್ಟಿಂಗ್ ಪಾರ್ಟಿ ಇಟ್ಟಿದ್ದೀರಿ. ರಾತ್ರಿ ಎರಡಕ್ಕೆ ಮಾವ ಫೋನ್ ಮಾಡಿದ್ರೆ ಕುಡಿದ ಬಾಯಲ್ಲಿ ಶಿರಾಳಕೊಪ್ಪ ದಾಟಿ ಹೋಗ್ಲಾ? ಎಚ್‌ಬಿ ಕಮ್ಮಿ ಇರೋಳಿಗೆ ಹೆರಿಗೇಲಿ ರಕ್ತ ಬೇಕಾದ್ರೆ ಕೊಡೋಕೆ ಯಾರು ರೆಡಿ ಇದ್ದಾರೆ ಅಂತ ನಿಮ್ಮಲ್ಲಿ ಒಬ್ಬನಾದ್ರೂ ಕೇಳಿದ್ನಾ?

8/8
ಅಪ್ಪ ಆಗೋ ಗೆಳೆಯರಿಗೆ ಐದು ಪ್ರಶ್ನೆ. ತಾಯಿ ಕಾರ್ಡ್ ನೋಡದೆ ಉತ್ತರ ಕೊಡಿ.

– ಅವಳ ಕೊನೇ ಎಚ್‌ಬಿ ಎಷ್ಟು?
– ಅವಳ ರಕ್ತದ ಗುಂಪು ಯಾವುದು?
– ಕಬ್ಬಿಣದ ಮಾತ್ರೆ ಇವತ್ತು ತಗೊಂಡ್ಲಾ?
– ಮುಂದಿನ ತಪಾಸಣೆ ಯಾವಾಗ?
– 108 ಬರೋದು ತಡ ಆದ್ರೆ ಯಾರ ಗಾಡಿ?

ಐದಕ್ಕೆ ಐದು ಗೊತ್ತಿದ್ದವನಿಗೆ ನಾನು ಏನೂ ಹೇಳಲ್ಲ. ನಾನು ಆ 9ನೇ ತಾರೀಕು ಐದಕ್ಕೆ ಒಂದು ತಗೊಂಡೆ. ರಕ್ತದ ಗುಂಪು ಮಾತ್ರ ಗೊತ್ತಿತ್ತು, ಅದೂ ನಮ್ಮಿಬ್ಬರದೂ ಒಂದೇ ಅನ್ನೋ ಕಾರಣಕ್ಕೆ.

ಮಾಲ್ಟಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಹಾಗೇ ಇದೆ, ಆಸ್ಪತ್ರೆಗೆ ಬೇಕಾಗುತ್ತೆ. ಈಗ ದಿನಾ ರಾತ್ರಿ ಊಟ ಆದ್ಮೇಲೆ ವಿಡಿಯೋ ಕಾಲ್ ಮಾಡ್ತೀನಿ. ಅವಳು ಮಾತ್ರೆ ಬಾಯಿಗೆ ಹಾಕ್ಕೊಂಡು ಮುಖ ಕಿವುಚಿ ತೋರಿಸ್ತಾಳೆ. ಹೋದ ವಾರ ಮತ್ತೆ ರಕ್ತ ನೋಡಿದ್ರು, 9.8 ಬಂದಿದೆ. ಇನ್ನೂ ಸಾಲದು.

ಗ್ರೂಪಲ್ಲಿ ಮುಂದಿನ ಕುಬುಸದ ಫೋಟೋ ಯಾರದ್ದಾದ್ರೂ ಬಂದಾಗ "ಮನೆ ಖಾಲಿ" ಅಂತ ಬರೆಯೋಕೆ ಮುಂಚೆ ಈ ಐದು ಪ್ರಶ್ನೆ ಕಳಿಸಿ. ಒಪ್ಪದವರು ಕಾಮೆಂಟಿಗೆ ಬನ್ನಿ, ನಾನು ಇಲ್ಲೇ ಇದ್ದೀನಿ. ಮನೆ ಹೇಗೂ ಖಾಲಿ ಅಲ್ವಾ.

#ಶಿಕಾರಿಪುರ #ಸೊರಬ #ಅಪ್ಪಆಗೋರು #ತಾಯಿಕಾರ್ಡ್ #ಎಚ್‌ಬಿಎಷ್ಟು