ರೂಮು ಹೆಚ್ಚಾದ್ರೆ ಬುಕಿಂಗ್ ಸಿಗುತ್ತಾ?

ಮಹೀಂದ್ರಾ ಹಾಲಿಡೇಸ್ 2030ರ ಹೊತ್ತಿಗೆ ತನ್ನ ರೂಮುಗಳನ್ನು 10,000ಕ್ಕೆ ಏರಿಸುವ ಗುರಿ ಇಟ್ಟುಕೊಂಡಿದೆ. ಮಡಿಕೇರಿ, ವಿರಾಜಪೇಟೆಯ ರೆಸಾರ್ಟ್ ನೆಚ್ಚಿಕೊಂಡು 25 ವರ್ಷದ ಸದಸ್ಯತ್ವ ತಗೊಂಡವರಿಗೆ ಇದು ಖುಷಿ ಸುದ್ದಿನಾ? ಅರ್ಧ ಮಾತ್ರ.

ಒಂದು ರೂಮಿಗೆ ವರ್ಷಕ್ಕೆ 52 ವಾರ. ಸದಸ್ಯರಿಗೆ ತಲಾ ಒಂದು ವಾರ ಅಂದ್ರೆ, ಕಾಗದದ ಮೇಲೆ ಒಂದೇ ರೂಮಿಗೆ ಐವತ್ತು ಕುಟುಂಬ ಹಿಡಿಸಬಹುದು. ಆದರೆ ಎಲ್ಲರಿಗೂ ಬೇಕಿರೋದು ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆ. ಶಾಲೆ ನಡೆಯುವಾಗ ಖಾಲಿ ಬೀಳುವ ರೂಮು ಡಿಸೆಂಬರಿನ ಕ್ಯೂ ಕರಗಿಸಲ್ಲ. ಹೊಸ ರೂಮಿನ ಜೊತೆ ಅಷ್ಟೇ ಹೊಸ ಸದಸ್ಯರೂ ಬಂದರೆ ಕ್ಯೂ ಇದ್ದಲ್ಲೇ ಇರುತ್ತೆ.

ಇವರನ್ನ ‘ಮಾಲೀಕರು’ ಅಂತೀವಿ, ಕೈಯಲ್ಲಿರೋದು ತಂಗುವ ಹಕ್ಕು ಅಷ್ಟೇ. ಎಷ್ಟು ಕಟ್ಟಬೇಕು, ಎಲ್ಲಿ ಕಟ್ಟಬೇಕು ಅನ್ನೋದರಲ್ಲಿ ವೋಟಿಲ್ಲ. ವಾರ್ಷಿಕ ಶುಲ್ಕ ಮಾತ್ರ ತಪ್ಪಲ್ಲ. ಯುರೋಪಿನ 2008ರ ಟೈಮ್‌ಶೇರ್ ನಿರ್ದೇಶನದಂತೆ ಸಹಿ ಹಾಕಿದ 14 ದಿನದೊಳಗೆ ಹಿಂದೆ ಸರಿಯಬಹುದು, ಆ ಅವಧಿಯಲ್ಲಿ ಮುಂಗಡ ಕೇಳುವಂತಿಲ್ಲ. ನಮ್ಮಲ್ಲಿ ಟೈಮ್‌ಶೇರ್‌ಗೇ ಅಂತ ಕಾನೂನಿಲ್ಲ; 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಿಡಿದು ಆಯೋಗದ ಮೆಟ್ಟಿಲು ಹತ್ತಬೇಕು.

ಸವದತ್ತಿ ಯಲ್ಲಮ್ಮನಗುಡ್ಡಕ್ಕೆ 2024ರಲ್ಲಿ ಸುಮಾರು 100 ಕೋಟಿ ರೂಪಾಯಿ ಪ್ರವಾಸೋದ್ಯಮ ಯೋಜನೆ ಮಂಜೂರಾಗಿದೆ. ನಾಳೆ ಯಾರಾದ್ರೂ ಮನೋಳಿಯ ಮಲಪ್ರಭೆ ದಂಡೆಗೂ ಬ್ರೋಷರ್ ಹಿಡಿದು ಬಂದರೆ, ಈಜುಕೊಳದ ಫೋಟೊ ಆಮೇಲೆ ನೋಡೋಣ. ರೂಮಿಗೆ ಎಷ್ಟು ಸದಸ್ಯರು ಅಂತ ಮೊದಲು ಬರೆದು ಕೊಡ್ಲಿ.