ಆಸ್ಪತ್ರೆಯ ಬಿಲ್ಲಿಗೂ ಒಂದು ಅಳತೆ ಬೇಡವೇ?

ಹೋದ ತಿಂಗಳು ಯಲಬುರ್ಗಾ ಕಡೆಯ ನಮ್ಮ ದೂರದ ನೆಂಟರ ಸೊಸೆಯಂದಿರಿಬ್ಬರು ಮಕ್ಕಳನ್ನೆತ್ತಿಕೊಂಡು ಮನೆಗೆ ಬಂದಿದ್ದರು. ಹಿರಿಯಳಿಗೆ ಕೊಪ್ಪಳದಲ್ಲಿ, ಕಿರಿಯಳಿಗೆ ಗಂಗಾವತಿಯಲ್ಲಿ ಹೆರಿಗೆ. ಇಬ್ಬರದೂ ಖಾಸಗಿ ಆಸ್ಪತ್ರೆ, ಇಬ್ಬರಿಗೂ ಸಿಜೇರಿಯನ್. ಹಿರಿಯಳ ಬಿಲ್ಲು 48 ಸಾವಿರ, ಕಿರಿಯಳದು 31 ಸಾವಿರ. ಅಂದಿನಿಂದ ಅತ್ತೆಯ ಬಾಯಲ್ಲಿ ಒಂದೇ ಮಾತಂತೆ: "ಹಿರೀಸೊಸಿ ಹೆರಿಗಿಗೆ ಮನಿ ಬರಿದಾತು!"

"ಅಕ್ಕಾರ, ನಾ ಏನ್ ಹೆಚ್ಚಿಗಿ ಉಂಡೇನ್ರೀ, ಉಟ್ಟೇನ್ರೀ?" ಎಂದು ಹುಡುಗಿ ಕಣ್ಣೊರೆಸಿಕೊಂಡಾಗ ನನಗೂ ಸಂಕಟವಾಯಿತು. ಚಹಾ ಆದ ಮೇಲೆ ಎರಡೂ ಬಿಲ್ಲು ಚಾಪೆಯ ಮೇಲೆ ಹರಡಿಕೊಂಡು ಕೂತೆವು.

ಹಿರಿಯಳದರಲ್ಲಿ 'ಹೆರಿಗೆ ಪ್ಯಾಕೇಜು' ಎಂದು ಒಂದೇ ಸಾಲು. ಆಪರೇಷನ್ನು, ಕೋಣೆ, ಔಷಧ, ಮಗು ನೋಡಿದ ಡಾಕ್ಟರು, ಎಲ್ಲ ಅದರೊಳಗೇ. ಕಿರಿಯಳದರಲ್ಲಿ ಆಪರೇಷನ್ನು, ಕೋಣೆ, ನರ್ಸು, ಆಮೇಲೆ 'ಇತರೆ' 3,200. ಔಷಧದ ಸುದ್ದಿಯೇ ಇಲ್ಲ. "ಅವೆಲ್ಲಾ ಬ್ಯಾರೆ ಚೀಟಿರೀ" ಎಂದು ಆಕೆ ಪ್ಲಾಸ್ಟಿಕ್ ಚೀಲ ಕೊಡವಿದಳು. ಔಷಧಿ ಅಂಗಡಿಯದು ಕೂಡಿ 9,400. ಅರಿವಳಿಕೆ ಡಾಕ್ಟರಿಗೆ ಕೈಯಲ್ಲೇ ಕೊಟ್ಟದ್ದು 4,000. ಮಗುವಿನ ಡಾಕ್ಟರು, ರಕ್ತಪರೀಕ್ಷೆ 2,800. ಒಟ್ಟು 47,200! ಇಷ್ಟು ದಿನ ಆ ಹುಡುಗಿ ಬೈಸಿಕೊಂಡದ್ದು 800 ರೂಪಾಯಿಗೆ.

ನಮ್ಮ ಅಡುಗೆ ಪುಟದಲ್ಲಿ 'ಒಂದು ಬಟ್ಟಲು ಅಕ್ಕಿ' ಎಂದು ಬರೆದರೆ 'ಯಾವ ಬಟ್ಟಲು?' ಎಂದು ಕಾಗದ ಬರೆದು ಕೇಳುವವರು ನೀವು. ಆಸ್ಪತ್ರೆಗಳಲ್ಲಿ ಒಬ್ಬೊಬ್ಬರದು ಒಂದೊಂದು ಬಟ್ಟಲು. ಹೋಲಿಸುವುದು ಹೇಗೆ?

ಎರಡೂ ಬಿಲ್ಲು ಕಂಪ್ಯೂಟರಿನಲ್ಲೇ ಅಚ್ಚಾಗಿದ್ದವು ಅನ್ನಿ. ಯಂತ್ರ ಬಂದ ಮಾತ್ರಕ್ಕೆ ಅಳತೆ ಬರುವುದಿಲ್ಲ. ಅಮೆರಿಕದಂಥ ದೇಶವೇ ಇದರಲ್ಲಿ ಎಡವಿತು. 2021ರ ಜನವರಿಯಿಂದ ಅಲ್ಲಿನ ಆಸ್ಪತ್ರೆಗಳು ಕಂಪ್ಯೂಟರು ಓದುವಂತೆ ದರಪಟ್ಟಿ ಪ್ರಕಟಿಸಬೇಕೆಂದು ನಿಯಮವಾಯಿತು. ಒಬ್ಬೊಬ್ಬರೂ ತಮ್ಮ ರೀತಿಯಲ್ಲಿ ಬರೆದಿಟ್ಟರು, ತಾಳೆ ನೋಡುವುದು ಕಷ್ಟವಾಯಿತು. ಕೊನೆಗೆ 2024ರ ಜುಲೈಯಿಂದ ಎಲ್ಲರಿಗೂ ಒಂದೇ ನಮೂನೆ ಕಡ್ಡಾಯ ಮಾಡಿದರು.

ನಮ್ಮಲ್ಲಿ ಆಗದ ಮಾತೇನಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾದದ್ದೇ ಕೊಪ್ಪಳವೂ ಸೇರಿದ ಗುಲ್ಬರ್ಗಾ ವಿಭಾಗದಲ್ಲಿ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಆರಂಭಕ್ಕೆ 1,650 ಚಿಕಿತ್ಸೆಗಳನ್ನು ಪಟ್ಟಿ ಮಾಡಿದರು. ಒಂದೊಂದಕ್ಕೂ ಒಂದು ಸಂಕೇತ, ಒಂದು ದರ. ಆ ಸಂಕೇತ ಹಾಕಿಯೇ ಆಸ್ಪತ್ರೆ ಕಂಪ್ಯೂಟರಿನಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಲೆಕ್ಕ ಕಳಿಸಬೇಕು. ಯೋಜನೆಯ ರೋಗಿಗೆ ಇದು ಸಾಧ್ಯವಾದರೆ, ಕೈಯಿಂದ ಹಣ ಕಟ್ಟುವವರ ಬಿಲ್ಲಿಗೂ ಅದೇ ಸಂಕೇತ ಯಾಕೆ ಬೇಡ? ಆಗ ಕೂತು ನಕಲು ಮಾಡುವ ಕೆಲಸವೇ ಇಲ್ಲದೆ ಲೆಕ್ಕ ತಾನಾಗಿ ಜಿಲ್ಲಾ ಕಚೇರಿಗೆ ಹೋಗಿ, ಕುಷ್ಟಗಿಯಲ್ಲೆಷ್ಟು, ಗಂಗಾವತಿಯಲ್ಲೆಷ್ಟು ಎಂದು ಯಾರು ಬೇಕಾದರೂ ನೋಡಬಹುದಿತ್ತು.

ಅಲ್ಲಿಯವರೆಗೆ ನಾವೇ ಬಾಯಿ ತೆರೆಯಬೇಕು. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಂತೆ ದರ ಕಾಣುವಂತೆ ಹಾಕಬೇಕು. 2017ರ ತಿದ್ದುಪಡಿಯ ನಂತರ ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವೂ ಇದೆ. ಸೇರಿಸುವ ಮುನ್ನವೇ "ಇದರಾಗ ಔಷಧ ಸೇರೇತೇನ್ರೀ? ಅರಿವಳಿಕಿ ಡಾಕ್ಟರ್ದು?" ಎಂದು ಕೇಳಿ, ಬರೆಸಿಕೊಳ್ಳಿ. ಚೀಟಿಗಳನ್ನು ಗಂಡಸರ ಜೇಬಿಗೆ ಬಿಡಬೇಡಿ, ಅಂಗಿಯ ಜೊತೆ ಒಗೆಯಲು ಹೋಗುತ್ತವೆ! ಇನ್ನೊಂದು ಮಾತು: ಸರಕಾರಿ ಆಸ್ಪತ್ರೆಯಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಜೇರಿಯನ್ ಸಹ ಉಚಿತ. ಔಷಧ, ಪರೀಕ್ಷೆ, ಊಟ, ಹೋಗಿಬರುವ ಗಾಡಿ ಕೂಡ. ಇದು ಆ ಹುಡುಗಿಯರಿಗೆ ಯಾರೂ ಹೇಳಿರಲಿಲ್ಲ.

ಎರಡೂ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಎದುರುಬದುರು ಬರೆದುಕೊಟ್ಟು ಕಳಿಸಿದೆ. ಅತ್ತೆಗೆ ಓದು ಬರದು, ಶಾಲೆಗೆ ಹೋಗುವ ಮೊಮ್ಮಗಳು ಓದಿ ಹೇಳಿದಳಂತೆ. ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ 'ಇತರೆ' ಅಂದ್ರ ಏನಂತ ಕೇಳ್ಕೊಂಡು ಬಾ" ಎಂದು ಕಿರಿಮಗನನ್ನು ಗಂಗಾವತಿಗೆ ಅಟ್ಟಿದ್ದಾಳೆ.