ಹಳೆಯ ಮೋಟಾರು ಸೈಕಲ್ಲಿನ ಶಬ್ದಪರೀಕ್ಷೆ

ವಿಜಯನಗರದ ವಾಚಕರೊಬ್ಬರು ನಮಗೆ ಬರೆದಿರುವ ಪತ್ರದ ಸಾರಾಂಶವಿದು: ಅವರ ಮನೆಯಲ್ಲಿ ತಂದೆಯವರ ಕಾಲದ ಯೆಜ್ಡಿ ಮೋಟಾರು ಸೈಕಲ್ಲೊಂದಿದೆ. ಈಚೆಗೆ ಅದರ ಹಿಂಭಾಗದಿಂದ ಕರಕರನೆಂಬ ಸದ್ದು ಹೊರಡುತ್ತಿದೆ. ಯಂತ್ರ ಬಲ್ಲವರೊಬ್ಬರು ಎಂಜಿನನ್ನೇ ಬಿಚ್ಚಬೇಕೆಂದರು. ಇನ್ನೊಬ್ಬರು ಗುಜರಿಗೆ ಹಾಕಿರೆಂದರು. ಮಗನಾದರೋ ಪ್ರತಿ ಭಾನುವಾರವೂ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಅದರಲ್ಲಿಯೇ ಕೆಂಗೇರಿಗೆ ಹೋಗಿಬರುತ್ತಾನೆ. ಈ ಸದ್ದಿಗೆ ಅಂಜಬೇಕೆ, ಬೇಡವೆ ಎಂಬುದು ಅವರ ಪ್ರಶ್ನೆ.

ಇದು ಒಂದು ಮನೆಯ ಪ್ರಶ್ನೆಯಲ್ಲ. ರಾಜಾಜಿನಗರ, ಬಸವೇಶ್ವರನಗರಗಳ ಹಳೆಯ ಮನೆಗಳಲ್ಲಿ ಮೆಟ್ಟಿಲಿನ ಕೆಳಗೆ ಇಂತಹ ವಾಹನಗಳು ಇನ್ನೂ ನಿಂತಿವೆ. ಅವು ನಮ್ಮ ನಾಡಿನಲ್ಲಿಯೇ ಹುಟ್ಟಿದವು. ಚೆಕೊಸ್ಲೊವಾಕಿಯದ ಜಾವಾ ಮಾದರಿಯನ್ನು ಅನುಸರಿಸಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಇವುಗಳ ನಿರ್ಮಾಣಕ್ಕೆ ತೊಡಗಿತು. 1973ರಿಂದ ಇವಕ್ಕೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರೂ 2022ರಲ್ಲಿ ಯೆಜ್ಡಿ ಹೆಸರೂ ಮರಳಿ ಬಂದವಾದರೂ ಆ ಹೊಸ ವಾಹನಗಳ ಯಂತ್ರವೇ ಬೇರೆ. ನಾವಿಲ್ಲಿ ಹೇಳುವುದು ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಹಳೆಯ ಗಾಡಿಗಳ ವಿಷಯ.

ರೋಗವನ್ನರಿಯದೆ ಔಷಧ ಕೊಡುವ ವೈದ್ಯನನ್ನು ನಾವು ನಂಬುವುದಿಲ್ಲ. ಯಂತ್ರದ ವಿಷಯದಲ್ಲಿಯೂ ಅದೇ ನ್ಯಾಯ. ಸದ್ದು ರೋಗವಲ್ಲ, ಲಕ್ಷಣ. ಅದು ಹುಟ್ಟುವ ಸ್ಥಾನವನ್ನು ಮೊದಲು ಗೊತ್ತುಪಡಿಸಿಕೊಂಡು ಅನಂತರ ಕೈಚೀಲ ಬಿಚ್ಚತಕ್ಕದ್ದು.

ಸ್ಥಾನವನ್ನರಿಯಲು ಶಕ್ತಿಯು ಹರಿಯುವ ದಾರಿಯನ್ನು ತಿಳಿದಿರಬೇಕು. ಎಂಜಿನಿನ ದಂಡದಿಂದ ಹೊರಟ ಶಕ್ತಿಯನ್ನು ಎಣ್ಣೆಯಲ್ಲಿ ಮುಳುಗಿರುವ ಚಿಕ್ಕದೊಂದು ಸರಪಣಿಯು ಕ್ಲಚ್ಚಿಗೆ ಒಯ್ಯುತ್ತದೆ. ಕ್ಲಚ್ಚಿನಿಂದ ಗೇರುಪೆಟ್ಟಿಗೆಗೆ, ಅಲ್ಲಿಂದ ಹೊರಗಿನ ದೊಡ್ಡ ಸರಪಣಿಗೆ, ಕೊನೆಗೆ ಹಿಂದಿನ ಚಕ್ರಕ್ಕೆ. ಈ ಐದು ಠಾಣೆಗಳಲ್ಲಿ ಸದ್ದು ಯಾವುದರದು?

ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂದು ಎರಡು ಮಾತುಗಳಿವೆ. ಒಂದಿದ್ದರೆ ಇನ್ನೊಂದೂ ಇರುವುದು ಅನ್ವಯ. ಒಂದಿಲ್ಲದಿದ್ದರೆ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಹೊಗೆಯಿಂದ ಬೆಂಕಿಯನ್ನು ಊಹಿಸಲು ನಮ್ಮ ಹಿರಿಯರು ಬಳಸಿದ ಈ ಉಪಾಯವು ಮೋಟಾರು ಸೈಕಲ್ಲಿಗೂ ಚೆನ್ನಾಗಿ ಒಪ್ಪುತ್ತದೆ. ಒಂದೊಂದೇ ಠಾಣೆಯನ್ನು ನಿಲ್ಲಿಸಿ, ಸದ್ದೂ ನಿಂತಿತೇ ಎಂದು ಕಿವಿಗೊಡುವುದು, ಇಷ್ಟೇ ಪರೀಕ್ಷೆ. ಇದನ್ನು ನಾಲ್ಕು ಹಂತಗಳಲ್ಲಿ ಮಾಡಬಹುದು.

ಮೊದಲನೆಯದು: ಗಾಡಿಯನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಎಂಜಿನನ್ನು ಮೆಲ್ಲಗೆ ಓಡಿಸಿ. ಸದ್ದು ಆಗಲೂ ಕೇಳಿಸಿದರೆ ಹಿಂದಿನ ಚಕ್ರವೂ ದೊಡ್ಡ ಸರಪಣಿಯೂ ನಿರ್ದೋಷಿಗಳು. ಏಕೆಂದರೆ ಅವು ತಿರುಗುತ್ತಲೇ ಇಲ್ಲ. ಈ ಜಾತಿಯ ಎಂಜಿನು ಮಂದಗತಿಯಲ್ಲಿ ಒಂದೇ ಸಮನಾಗಿ ಉರಿಯುವುದಿಲ್ಲ. ಆದಕಾರಣ ಒಳಗಿನ ಚಿಕ್ಕ ಸರಪಣಿಯು ಸ್ವಲ್ಪ ಕುಲುಕಾಡಿ ಸದ್ದು ಮಾಡುವುದುಂಟು. ವೇಗವನ್ನು ತುಸು ಹೆಚ್ಚಿಸಿದೊಡನೆ ಅದು ಅಡಗಿದರೆ ಅಷ್ಟಾಗಿ ಚಿಂತಿಸಬೇಕಾಗಿಲ್ಲ. ಅಡಗದೆ ಹೆಚ್ಚಾದರೆ ಆ ಸರಪಣಿ ಸವೆದಿದೆಯೆಂದು ಶಂಕಿಸಬೇಕು. ಹಳೆಯ ಜಾವಾದಲ್ಲಿ ಅದನ್ನು ಬಿಗಿಮಾಡುವ ಏರ್ಪಾಡಿಲ್ಲ. ಸವೆದರೆ ಬದಲಾಯಿಸುವುದೇ ದಾರಿ.

ಎರಡನೆಯದು: ಅದೇ ಸ್ಥಿತಿಯಲ್ಲಿ ಕ್ಲಚ್ಚಿನ ಹಿಡಿಯನ್ನು ಪೂರ್ತಿಯಾಗಿ ಎಳೆಯಿರಿ. ಸದ್ದು ನಿಂತರೆ ದೋಷವು ಕ್ಲಚ್ಚಿನಿಂದ ಈಚೆಗೆ, ಗೇರುಪೆಟ್ಟಿಗೆಯ ಕಡೆಯಿದೆ. ಎಳೆದಾಗಲೇ ಸದ್ದು ಹುಟ್ಟಿದರೆ ಕ್ಲಚ್ಚನ್ನು ಬಿಡಿಸುವ ಭಾಗಗಳಲ್ಲಿದೆ. ಎಳೆದರೂ ಬಿಟ್ಟರೂ ಒಂದೇ ಆಗಿದ್ದರೆ ಎಂಜಿನಿನಲ್ಲಿಯೋ ಚಿಕ್ಕ ಸರಪಣಿಯಲ್ಲಿಯೋ ಇದೆ. ಇಲ್ಲಿ ಜಾವಾ, ಯೆಜ್ಡಿಗಳ ವಿಶೇಷವೊಂದನ್ನು ನೆನೆಯಬೇಕು. ಅವುಗಳಲ್ಲಿ ಗೇರು ಬದಲಿಸುವ ಸನ್ನೆಯೇ ಕಾಲಿನಿಂದ ಒದ್ದು ಎಂಜಿನು ಹೊರಡಿಸುವ ಸನ್ನೆಯೂ ಹೌದು. ಅದನ್ನು ಒತ್ತಿದರೆ ಕ್ಲಚ್ಚು ತಾನಾಗಿ ಬಿಡಿಸಿಕೊಳ್ಳುತ್ತದೆ. ಆದುದರಿಂದ ಪಾದವನ್ನು ಸದಾ ಅದರ ಮೇಲೆ ಊರಿ ಓಡಿಸುವವರು ತಮಗರಿಯದೆಯೇ ಕ್ಲಚ್ಚನ್ನು ಸವೆಸುತ್ತಿರುತ್ತಾರೆ.

ಮೂರನೆಯದು: ಬೆಳಗಿನ ಹೊತ್ತು ಬಡಾವಣೆಯ ಜನವಿರಳವಾದ ರಸ್ತೆಯಲ್ಲಿ ನಾಲ್ಕು ಗೇರುಗಳಲ್ಲಿಯೂ ಓಡಿಸಿ ನೋಡಿ. ಒಂದೇ ಗೇರಿನಲ್ಲಿ ಮೊರೆತ ಕೇಳಿಸಿ ಉಳಿದವುಗಳಲ್ಲಿ ಕೇಳಿಸದಿದ್ದರೆ ಆ ಗೇರಿನ ಹಲ್ಲುಗಳ ಜೋಡಿಯೇ ಅಪರಾಧಿ. ವೇಗ ಕೊಟ್ಟಾಗಲೂ ಬಿಟ್ಟಾಗಲೂ ಧಡ್ ಎಂಬ ಏಟು ಕೇಳಿಸಿದರೆ ದೊಡ್ಡ ಸರಪಣಿ ಸಡಿಲವಾಗಿದೆ, ಅಥವಾ ಹಿಂದಿನ ಚಕ್ರದ ಗುಂಬದಲ್ಲಿರುವ ರಬ್ಬರು ತುಂಡುಗಳು ನಶಿಸಿವೆ.

ನಾಲ್ಕನೆಯದು: ಸ್ವಲ್ಪ ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನನ್ನು ಆರಿಸಿ, ಗಾಡಿ ತಾನಾಗಿ ಉರುಳುವಂತೆ ಬಿಡಿ. ಈಗಲೂ ಸದ್ದಿದ್ದರೆ ಎಂಜಿನಿಗೂ ಅದಕ್ಕೂ ಸಂಬಂಧವಿಲ್ಲ. ಚಕ್ರದ ಬೇರಿಂಗು, ಬ್ರೇಕು, ಹಲ್ಲುಗಾಲಿ, ದೊಡ್ಡ ಸರಪಣಿ ಇವುಗಳಲ್ಲೊಂದು ಕೂಗುತ್ತಿದೆ. ಅದರ ತಾಳವನ್ನೂ ಗಮನಿಸಿ. ಚಕ್ರ ಸುತ್ತಿದಂತೆಲ್ಲ ಸುತ್ತಿಗೊಮ್ಮೆ ಬಂದರೆ ದೋಷವು ಚಕ್ರದಲ್ಲಿ ಅಥವಾ ಅದರ ಹಲ್ಲುಗಾಲಿಯಲ್ಲಿ. ಎರಡು ಸುತ್ತಿಗೂ ಹೆಚ್ಚಾದ ಮೇಲೆ ಒಮ್ಮೆ ಬಂದರೆ ಸರಪಣಿಯ ಒಂದು ಕೊಂಡಿಯಲ್ಲಿ. ಏಕೆಂದರೆ ಸರಪಣಿಯು ಪೂರ್ತಿ ಒಂದು ಪ್ರದಕ್ಷಿಣೆ ಬರುವಷ್ಟರಲ್ಲಿ ಚಕ್ರವು ಎರಡು ಸುತ್ತು ದಾಟಿರುತ್ತದೆ.

ಹಳೆಯ ಜಾವಾಗಳಲ್ಲಿಯೂ ಅನೇಕ ಯೆಜ್ಡಿಗಳಲ್ಲಿಯೂ ದೊಡ್ಡ ಸರಪಣಿಯು ಬಯಲಿಗೆ ಕಾಣಿಸುವುದಿಲ್ಲ. ಧೂಳು ತಗುಲದಿರಲೆಂದು ಅದನ್ನು ತಗಡಿನ ಕವಚದಲ್ಲಿಯೂ ರಬ್ಬರಿನ ಕೊಳವೆಗಳಲ್ಲಿಯೂ ಮುಚ್ಚಿರುತ್ತಾರೆ. ಏರ್ಪಾಡು ಉತ್ತಮವೇ. ಆದರೆ ಕಣ್ಣಿಗೆ ಬೀಳದುದನ್ನು ನಾವು ಮರೆಯುತ್ತೇವೆ. ವರ್ಷಗಳವರೆಗೆ ಯಾರೂ ನೋಡದ ಸರಪಣಿಯು ಒಣಗಿ, ಉದ್ದವಾಗಿ, ಕವಚದ ಒಳಮೈಗೆ ಉಜ್ಜತೊಡಗುತ್ತದೆ. ಟೊಳ್ಳಾದ ತಗಡು ಮದ್ದಳೆಯಂತೆ ಆ ಅಲ್ಪ ಸದ್ದನ್ನು ಹಿಗ್ಗಿಸಿ ಎಂಜಿನೇ ಒಡೆಯಿತೆಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ.

ಆದಕಾರಣ ನಾಲ್ಕನೆಯ ಪರೀಕ್ಷೆಯಲ್ಲಿ ಸದ್ದು ಉಳಿದರೆ ಮೊದಲು ಕವಚವನ್ನು ಬಿಚ್ಚಿಸಿ. ಸರಪಣಿಯನ್ನು ತೊಳೆಸಿ, ಎಳೆದು ಹಿಡಿದು ಅಳೆಯಿರಿ. ಅರ್ಧ ಅಂಗುಲದ, ಎಂದರೆ 12.7 ಮಿಲಿಮೀಟರಿನ, ಕೊಂಡಿಗಳುಳ್ಳ ಹೊಸ ಸರಪಣಿಯಲ್ಲಿ 20 ಕೊಂಡಿಗಳು 254 ಮಿಲಿಮೀಟರಿರುತ್ತವೆ. ಅದು 259ನ್ನು ಮೀರಿದರೆ ನೂರಕ್ಕೆ ಎರಡರಷ್ಟು ಉದ್ದವಾಯಿತು. ಇನ್ನು ಬಿಗಿಮಾಡಿ ಫಲವಿಲ್ಲ. ಹಲ್ಲುಗಾಲಿಗಳ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಅವನ್ನೂ ಜೊತೆಗೆ ಬದಲಾಯಿಸಬೇಕು. ಸವೆದ ಹಲ್ಲು ಹೊಸ ಸರಪಣಿಯನ್ನೂ ಬೇಗ ಕೆಡಿಸುತ್ತದೆ. ಜೋಡಿಸುವ ಕೊಂಡಿಯ ಚಿಮುಟವನ್ನು ಅದರ ಮುಚ್ಚಿದ ತುದಿ ಸರಪಣಿಯು ಚಲಿಸುವ ದಿಕ್ಕಿಗಿರುವಂತೆ ಹಾಕತಕ್ಕದ್ದು. ಬಿಗಿತವನ್ನು ಸರಪಣಿಯು ಅತಿ ಬಿಗಿಯಾಗಿರುವ ಜಾಗದಲ್ಲಿ ನೋಡತಕ್ಕದ್ದು. ಸಡಿಲವಾದ ಜಾಗದಲ್ಲಿ ನೋಡಿ ಬಿಗಿದರೆ ಬೇರಿಂಗುಗಳಿಗೆ ಹಾನಿ.

ಇಲ್ಲಿ ಮನೆಯವರೆಲ್ಲರೂ ತಿಳಿದಿರಬೇಕಾದ ಎಚ್ಚರಿಕೆಯೊಂದುಂಟು. ಎಂಜಿನು ಓಡುತ್ತಿರುವಾಗ ಸರಪಣಿಯ ಬಳಿಗೆ ಕೈಯನ್ನಾಗಲಿ ಒರೆಸುವ ಬಟ್ಟೆಯನ್ನಾಗಲಿ ಒಯ್ಯಲೇಕೂಡದು. ಎಂಜಿನನ್ನು ಆರಿಸಿ, ಬೀಗದ ಕೈಯನ್ನು ತೆಗೆದಿಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಿ ನೋಡಬೇಕು. ಮಕ್ಕಳನ್ನು ದೂರವಿರಿಸಬೇಕು. ಕವಚ ಬಿಚ್ಚಿದ ಗಾಡಿಯ ಮೇಲೆ ಸೀರೆಯುಟ್ಟವರನ್ನು ಕೂರಿಸಬಾರದು.

ಇನ್ನು ವಿಜಯನಗರದ ಮಹಾಶಯರಿಗೆ ನಮ್ಮ ಉತ್ತರ. ಎಂಜಿನನ್ನು ಬಿಚ್ಚಿಸುವುದಕ್ಕೆ ಮೊದಲು ನಾಲ್ಕನೆಯ ಪರೀಕ್ಷೆಯನ್ನು ಮಾಡಿ. ಸದ್ದು ಹಿಂಭಾಗದ್ದೆಂದು ತಾವು ಬರೆದಿರುವುದರಿಂದ ಸರಪಣಿಯ ಮೇಲೆಯೇ ನಮ್ಮ ಮೊದಲ ಸಂಶಯ. ಅದು ನಿಜವಾದರೆ ಸಣ್ಣ ಖರ್ಚಿನಲ್ಲಿ ಕೆಲಸವಾಗುತ್ತದೆ. ಗುಜರಿಯ ಮಾತೇ ಬೇಡ. ಆದರೆ ಪರೀಕ್ಷೆ ಮುಗಿಯುವವರೆಗೆ ಮಗನು ಹೆಂಡತಿಯನ್ನು ಕೂರಿಸಿಕೊಂಡು ಕೆಂಗೇರಿಗೆ ಹೋಗತಕ್ಕದ್ದಲ್ಲ. ಸವೆದ ಸರಪಣಿಯು ಓಟದಲ್ಲಿ ಕಡಿದು ಸಿಕ್ಕಿಕೊಂಡರೆ ಹಿಂದಿನ ಚಕ್ರ ಒಮ್ಮೆಗೇ ನಿಲ್ಲಬಹುದು. ಮೈಸೂರು ರಸ್ತೆಯ ಲಾರಿಗಳ ನಡುವೆ ಅದು ಪ್ರಾಣಾಪಾಯ. ಅಗ್ಗದ ದೋಷವು ಅಲ್ಪದೋಷವೆಂದು ತಿಳಿಯಬಾರದು.

ಸರಪಣಿ ಕುಣಿದು ಹಲ್ಲು ತಪ್ಪಿದರೂ, ಗೇರು ತಾನಾಗಿ ಹಾರಿದರೂ, ತೆಗೆದ ಗೇರೆಣ್ಣೆಯಲ್ಲಿ ಹೊಳೆಯುವ ಲೋಹದ ಚೂರುಗಳು ಕಂಡರೂ ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ ಬಲ್ಲವರನ್ನು ಕರೆಸಬೇಕು. ಆಗಲೂ ಬರಿದೆ "ಸದ್ದು ಬರುತ್ತಿದೆ" ಎನ್ನದೆ, ಯಾವ ಗೇರಿನಲ್ಲಿ, ಕ್ಲಚ್ಚು ಎಳೆದಾಗಲೋ ಬಿಟ್ಟಾಗಲೋ, ಚಕ್ರ ಎಷ್ಟು ಸುತ್ತಿದರೆ ಒಮ್ಮೆ ಎಂಬುದನ್ನು ಕಾಗದದಲ್ಲಿ ಬರೆದು ಕೊಡಿ. ಒಳ್ಳೆಯ ಕೆಲಸಗಾರನಿಗೆ ಅದರಿಂದ ಅರ್ಧ ಶ್ರಮ ಉಳಿಯುತ್ತದೆ. ಒಳ್ಳೆಯವನಲ್ಲದವನಿಗೆ ಈ ಮನೆಯವರು ಕಿವಿಯುಳ್ಳವರೆಂದು ತಿಳಿಯುತ್ತದೆ.